ಸೈಕಲ್ ಸವಾರಿಗೆ ಹೊರಡುವಾಗ ಮರೆತುಹೋಗುವ ಸಾಮಾನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಹೊರಡುವ ಸೈಕಲ್ ಸವಾರರ ಜೊತೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಹೊಸದಾಗಿ ಸೇರಿಕೊಂಡವರು ಮೊದಮೊದಲು ಗೇರಿನ ಬಗ್ಗೆ, ಏರಿನ ಬಗ್ಗೆ ಕೇಳುತ್ತಾರೆ; ಎರಡು ತಿಂಗಳು ಕಳೆಯುವಷ್ಟರಲ್ಲಿ ಪ್ರಶ್ನೆ ಬದಲಾಗಿ, ಪ್ರತಿ ಸಲವೂ ಏನಾದರೊಂದನ್ನು ಮನೆಯಲ್ಲೇ ಬಿಟ್ಟು ಬರುತ್ತೇನಲ್ಲ, ಇದಕ್ಕೇನು ಮಾಡುವುದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಂಥ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇನೆ. ಕೆಲವು ಮಾತುಗಳು ಮೋಟಾರ್ ಸೈಕಲ್ಲಿನವರಿಗೂ ಅನ್ವಯಿಸಬಹುದು, ಆದರೆ ಬರೆದಿರುವುದೆಲ್ಲ ತುಳಿಯುವ ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು.

ಎಷ್ಟು ಎಚ್ಚರ ವಹಿಸಿದರೂ ಏನಾದರೊಂದು ಮರೆತುಹೋಗುವುದು ಏಕೆ?

ಮರೆವು ಎಲ್ಲ ಸಾಮಾನಿನ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಸೈಕಲ್ಲಿಗೆ ತಿರುಪಿನಿಂದ ಬಿಗಿದಿರುವ ಬಾಟಲ್ ಹೋಲ್ಡರನ್ನು ಮರೆತು ಬಂದವರನ್ನು ನಾನು ಕಂಡಿಲ್ಲ. ಅದರಲ್ಲಿ ಕೂರಬೇಕಾದ ಬಾಟಲಿಯನ್ನು ಫ್ರಿಜ್ಜಿನಲ್ಲೇ ಬಿಟ್ಟು ಬಂದವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ. ಚಾರ್ಜಿಗೆ ಹಾಕಿದ ಹಿಂದಿನ ದೀಪ, ಬೆವರಿನ ವಾಸನೆ ಹೋಗಲೆಂದು ತೊಳೆದು ಬಾಲ್ಕನಿಯಲ್ಲಿ ಒಣಹಾಕಿದ ಹೆಲ್ಮೆಟ್ಟು, ಪಕ್ಕದ ಮನೆಯ ಹುಡುಗನಿಗೆ ಎರವಲು ಕೊಟ್ಟ ಪಂಪು, ಕಳೆದ ವಾರ ಬಳಸಿ ಮತ್ತೆ ತುಂಬಿಸಿಡದ ಟ್ಯೂಬು: ಇವೆಲ್ಲವೂ ತಮ್ಮ ಜಾಗದಿಂದ ಒಮ್ಮೆ ಕದಲಿದ ಸಾಮಾನುಗಳು. ಕದಲಿದ್ದು ಹೊತ್ತಿಗೆ ಸರಿಯಾಗಿ ಜಾಗಕ್ಕೆ ಮರಳದಿದ್ದರೆ, ಬೆಳಗಿನ ಜಾವ 4:30ಕ್ಕೆ ಅದನ್ನು ನೆನಪಿಸಿಕೊಡುವವರು ಯಾರೂ ಇರುವುದಿಲ್ಲ.

ಇನ್ನೊಂದು ಕಾರಣವನ್ನು ಜನ ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಮನೆಯವರ ನಿದ್ದೆ ಕೆಡಬಾರದೆಂದು ನಾವು ದೀಪ ಹಾಕದೆ, ಬಾಗಿಲು ಸದ್ದು ಮಾಡದಂತೆ, ಮೊಬೈಲಿನ ಬೆಳಕಿನಲ್ಲಿ ತಡಕಾಡುತ್ತ ಸಿದ್ಧರಾಗುತ್ತೇವೆ. ಕಣ್ಣಿಗೆ ಬಿದ್ದಿದ್ದರೆ ಕೈಗೆ ಬರುತ್ತಿದ್ದ ಸಾಮಾನು ಕತ್ತಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ಇದು ಬುದ್ಧಿಯ ದೋಷವಲ್ಲ, ಬೆಳಕಿನ ಅಭಾವ.

ಹಾಗಾದರೆ ಒಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದರೆ ಸಾಲದೇ?

ಪಟ್ಟಿ ಒಳ್ಳೆಯದೇ, ಆದರೆ ಅದನ್ನು ಯಾವಾಗ ಓದುತ್ತೀರಿ ಎಂಬುದು ಮುಖ್ಯ. ಹೊರಡುವ ಗಳಿಗೆಯಲ್ಲಿ ಓದುವ ಪಟ್ಟಿಯಿಂದ ಟ್ಯೂಬು ಇಲ್ಲವೆಂಬುದು ಗೊತ್ತಾಗಬಹುದೇ ಹೊರತು ಆ ಹೊತ್ತಿಗೆ ಟ್ಯೂಬು ಸಿಗುವುದಿಲ್ಲ. ಆದ್ದರಿಂದ ನಾನು ಸಿದ್ಧತೆಯನ್ನು ಹಿಂದಿನ ಸವಾರಿ ಮುಗಿದ ಕೂಡಲೇ ಮಾಡಿಬಿಡಬೇಕು ಎನ್ನುವ ಪಕ್ಷದವನು. ಮನೆಗೆ ಬಂದು ಶೂ ಬಿಚ್ಚಿದ ಮೇಲೆ, ಸ್ನಾನಕ್ಕೆ ಹೋಗುವ ಮೊದಲು, ಬಳಸಿದ್ದನ್ನು ತುಂಬಿಸಿ, ತೆಗೆದದ್ದನ್ನು ಜಾಗಕ್ಕೆ ಸೇರಿಸಿ, ಚಾರ್ಜಿಗೆ ಹಾಕಬೇಕಾದ್ದನ್ನು ಹಾಕಬೇಕು. ಹತ್ತು ನಿಮಿಷದ ಕೆಲಸ. ಉಪ್ಪಿಟ್ಟು ತಿಂದು ಮಲಗಿ ಎದ್ದ ಮೇಲೆ ಮಾಡೋಣವೆಂದುಕೊಂಡರೆ ಅದು ಮುಂದಿನ ಶನಿವಾರ ರಾತ್ರಿಯವರೆಗೂ ಆಗುವುದಿಲ್ಲ.

ಹೊರಡುವಾಗ ಓದುವುದಕ್ಕಿಂತ ಮುಟ್ಟಿ ನೋಡುವುದು ಮೇಲು. ತಲೆಯಿಂದ ಆರಂಭಿಸಿ ಹೆಲ್ಮೆಟ್ಟು, ಕನ್ನಡಕ, ಬೆನ್ನ ಜೇಬು, ಕೈಗವಸು, ಶೂ. ಅನಂತರ ಸೈಕಲ್ಲಿನ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ, ಪ್ರತಿಯೊಂದನ್ನೂ ಕೈಯಿಂದ ಮುಟ್ಟುತ್ತ ಹೋಗಿ. ಕಣ್ಣು, ಇಲ್ಲದ ಸಾಮಾನನ್ನೂ ಇದೆ ಎಂದುಕೊಂಡು ಮುಂದೆ ಸರಿಯುತ್ತದೆ, ಕೈ ಹಾಗೆ ಮಾಡುವುದಿಲ್ಲ. ನಮ್ಮ ಅಜ್ಜಿಯರು ನೆನಪಿಡಬೇಕಾದ ಸಂಗತಿಗೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತಿದ್ದುದೂ ಇದೇ ಉಪಾಯ. ನಾನು ಮನೆಯ ಬೀಗದ ಕೈಯನ್ನು ರಾತ್ರಿಯೇ ಹೆಲ್ಮೆಟ್ಟಿನೊಳಗೆ ಹಾಕಿಡುತ್ತೇನೆ. ಹೆಲ್ಮೆಟ್ಟನ್ನು ಮುಟ್ಟದೆ ಬಾಗಿಲಿಗೆ ಬೀಗ ಹಾಕಲು ಆಗುವುದಿಲ್ಲ.

ಸೈಕಲ್ಲಿನಿಂದ ಎಂದೂ ಇಳಿಸಬಾರದ ಸಾಮಾನು ಯಾವುವು?

ಸೀಟಿನ ಕೆಳಗೆ ಕಟ್ಟುವ ಚಿಕ್ಕ ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರು (ಟೈರನ್ನು ರಿಮ್ಮಿನಿಂದ ಎಬ್ಬಿಸುವ ಕಡ್ಡಿ), ಪ್ಯಾಚು ಮತ್ತು ಸೊಲ್ಯೂಷನ್ನು, 4, 5 ಮತ್ತು 6 ಮಿ.ಮೀ. ಅಲೆನ್ ಕೀ ಇರುವ ಮಡಚುವ ಟೂಲು, ನಿಮ್ಮ ಚೈನಿಗೆ ಹೊಂದುವ ಒಂದು ಕ್ವಿಕ್ ಲಿಂಕು (ತುಂಡಾದ ಚೈನನ್ನು ಜೋಡಿಸುವ ಕೊಂಡಿ), ಮಡಚಿದ ನೂರರ ನಾಲ್ಕು ನೋಟು. ಪಂಪು ಫ್ರೇಮಿಗೇ ಬಿಗಿದಿರಲಿ. ಎರಡು ಸೈಕಲ್ ಇದ್ದರೆ ಎರಡು ಚೀಲ ಇರಲಿ. ಒಂದೇ ಚೀಲವನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಹಣ ಉಳಿಸಲು ಹೋದವರು ಅದನ್ನು ಯಾವಾಗಲೂ ಮನೆಯಲ್ಲಿರುವ ಸೈಕಲ್ಲಿಗೇ ಕಟ್ಟಿ ಬಂದಿರುತ್ತಾರೆ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ತೆರೆದರೆ ಕೆಲವು ತಿಂಗಳಲ್ಲಿ ಒಣಗಿಹೋಗುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಟ್ಯೂಬು ತಂದಿದ್ದರೂ ಉಪಯೋಗಕ್ಕೆ ಬರಲಿಲ್ಲ. ಇದು ಹೇಗೆ?

ಸಾಮಾನನ್ನು ಮರೆಯುವುದಕ್ಕಿಂತ ಸರಿಯಲ್ಲದ ಸಾಮಾನನ್ನು ನೆನಪಿನಿಂದ ಒಯ್ಯುವುದು ಹೆಚ್ಚು ನೋವಿನ ಸಂಗತಿ, ಮತ್ತು ಇದರಲ್ಲಿ ನನ್ನ ಅನುಭವ ಸ್ವಲ್ಪ ಜಾಸ್ತಿಯೇ ಇದೆ.

ಒಮ್ಮೆ ಕಾರಹಳ್ಳಿ ಕ್ರಾಸಿನ ಹತ್ತಿರ ಹಿಂದಿನ ಚಕ್ರದ ಗಾಳಿ ಇಳಿಯಿತು. ಚೀಲದಿಂದ ಟ್ಯೂಬು ತೆಗೆದು, ಅಚ್ಚುಕಟ್ಟಾಗಿ ಕೂರಿಸಿ, ಇನ್ನೂರಕ್ಕೂ ಹೆಚ್ಚು ಬಾರಿ ಪಂಪು ಒತ್ತಿ ಎದ್ದು ನಿಂತೆ. ಐದು ನಿಮಿಷದಲ್ಲಿ ಅದೂ ಇಳಿಯಿತು. ಬಿಚ್ಚಿ ನೋಡಿದರೆ ಟೈರಿನಲ್ಲಿ ಮುಳ್ಳೂ ಇರಲಿಲ್ಲ, ತಂತಿಯೂ ಇರಲಿಲ್ಲ. ಹಿಂದಿನ ತಿಂಗಳು ಪಂಕ್ಚರ್ ಆಗಿದ್ದ ಟ್ಯೂಬನ್ನು ಮನೆಗೆ ಹೋಗಿ ಪ್ಯಾಚು ಹಾಕೋಣವೆಂದು ಮಡಚಿ, ರಬ್ಬರ್ ಬ್ಯಾಂಡು ಸುತ್ತಿ, ಅದೇ ಚೀಲದೊಳಗೆ ಇಟ್ಟಿದ್ದೆ. ಅಂದಿನಿಂದ ತೂತಾದ ಟ್ಯೂಬನ್ನು ದಾರಿಯಲ್ಲೇ ವಾಲ್ವಿನ ಹತ್ತಿರ ಒಂದು ಗಂಟು ಹಾಕಿ ಬೆನ್ನ ಜೇಬಿಗೆ ತುರುಕುತ್ತೇನೆ, ಚೀಲಕ್ಕೆ ಹಾಕುವುದಿಲ್ಲ. ಗಂಟಿರುವ ಟ್ಯೂಬನ್ನು ಯಾರೂ ಹೊಸದೆಂದು ತಪ್ಪು ತಿಳಿಯುವುದಿಲ್ಲ.

ಎರಡನೆಯದು ವಾಲ್ವಿನ ಉದ್ದ. ರಿಮ್ಮಿನ ಆಳ 50 ಮಿ.ಮೀ. ಇದ್ದು ಟ್ಯೂಬಿನ ವಾಲ್ವು 48 ಮಿ.ಮೀ. ಇದ್ದರೆ, ವಾಲ್ವಿನ ತುದಿ ರಿಮ್ಮಿನಿಂದ ಹೊರಗೇ ಬರುವುದಿಲ್ಲ ಮತ್ತು ಪಂಪಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹೊಸ ಚಕ್ರ ಹಾಕಿಸಿದವರು ಹಳೆಯ ಟ್ಯೂಬನ್ನೇ ಚೀಲದಲ್ಲಿ ಉಳಿಸಿಕೊಂಡು ಈ ಬಲೆಗೆ ಬೀಳುತ್ತಾರೆ. ಮೂರನೆಯದು ಟ್ಯೂಬನ್ನು ಟೂಲಿನ ಜೊತೆ ಬರಿದಾಗಿ ಇಟ್ಟು ತಿಂಗಳುಗಟ್ಟಲೆ ಓಡಾಡಿದಾಗ ಅಲೆನ್ ಕೀಯ ಮೂಲೆ ಉಜ್ಜಿ ಉಜ್ಜಿ ಅದರಲ್ಲೇ ತೂತಾಗುವುದು. ಹಳೆಯ ಕಾಲುಚೀಲದೊಳಗೆ ಹಾಕಿಟ್ಟರೆ ಸಾಕು. ಆ ಕಾಲುಚೀಲ ಚೈನು ಮುಟ್ಟುವಾಗ ಕೈಗವಸೂ ಆಗುತ್ತದೆ.

ಪಂಪು ಮರೆತಿದ್ದೇನೆ. ದಾರಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಿಕೊಳ್ಳಬಹುದಲ್ಲವೇ?

ಹಾಕಿಸಿಕೊಳ್ಳಬಹುದು, ಎರಡು ತೊಡಕುಗಳಿವೆ. ನಾವು ದಾರಿಯಲ್ಲಿರುವ ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲ. ಲಾರಿಗಳು ನಿಲ್ಲುವ ಡಾಬಾಗಳ ಪಕ್ಕದ ಅಂಗಡಿಗಳನ್ನು ಬಿಟ್ಟರೆ ಉಳಿದವು ಎಂಟು ಒಂಬತ್ತು ಗಂಟೆಯವರೆಗೆ ಷಟರ್ ಎತ್ತುವುದಿಲ್ಲ. ತೆರೆದಿದ್ದರೂ ಅಲ್ಲಿನ ಕಂಪ್ರೆಸರ್ ಪೈಪು ಕಾರು, ಬೈಕುಗಳ ದಪ್ಪ ವಾಲ್ವಿಗೆ, ಅಂದರೆ ಶ್ರೇಡರ್ ವಾಲ್ವಿಗೆ ಮಾಡಿದ್ದು. ರೋಡ್ ಸೈಕಲ್ಲಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಅದು ಕೂರುವುದಿಲ್ಲ. ಇದಕ್ಕೆ ಬೆರಳ ತುದಿಯಷ್ಟು ದೊಡ್ಡದಾದ ಒಂದು ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ಬೆಲೆಯೂ ಅಲ್ಪ. ಅದನ್ನು ಚೀಲದಲ್ಲಿ ಇಟ್ಟರೆ ಕಳೆದುಹೋಗುತ್ತದೆ. ಮುಂದಿನ ಚಕ್ರದ ವಾಲ್ವಿಗೇ ತಿರುಗಿಸಿ ಬಿಟ್ಟರೆ ಚಕ್ರ ಇರುವವರೆಗೂ ಅಡಾಪ್ಟರ್ ಇರುತ್ತದೆ. ಕಂಪ್ರೆಸರಿನ ಗಾಳಿ ಒಮ್ಮೆಲೇ ನುಗ್ಗುವುದರಿಂದ ಸೈಕಲ್ಲಿನ ಚಿಕ್ಕ ಟ್ಯೂಬಿಗೆ ಎರಡು ಮೂರು ಸಣ್ಣ ಒತ್ತು ಸಾಕೆಂದು ಅಂಗಡಿಯವರಿಗೆ ಮೊದಲೇ ಹೇಳಿಬಿಡಿ.

ಟೈರೇ ಹರಿದಿದ್ದರೆ ಗಾಳಿ ಹಾಕಿ ಪ್ರಯೋಜನವಿಲ್ಲ, ಟ್ಯೂಬು ಹರಕಿನಿಂದ ಗುಳ್ಳೆಯಂತೆ ಹೊರಬಂದು ಒಡೆಯುತ್ತದೆ. ಟೀ ಅಂಗಡಿಯಲ್ಲಿ ಖಾಲಿ ಹಾಲಿನ ಪ್ಯಾಕೆಟ್ಟು ಕೇಳಿ ಪಡೆದು, ನಾಲ್ಕು ಮಡಿಕೆ ಮಡಚಿ ಟೈರಿನ ಒಳಬದಿಗೆ ಹರಕಿನ ಮೇಲೆ ಇಟ್ಟು, ಗಾಳಿಯನ್ನು ಕೊಂಚ ಕಡಿಮೆ ಹಾಕಿದರೆ ಮೆಲ್ಲಗೆ ಮನೆ ಸೇರಬಹುದು.

ಹೆಲ್ಮೆಟ್ ಮರೆತು ಎರಡು ಕಿಲೋಮೀಟರ್ ಬಂದಾಗಿದೆ. ಹಿಂದಿರುಗಬೇಕೇ?

ಹಿಂದಿರುಗಬೇಕು. ಸೈಕಲ್ಲಿಗೆ ಹೆಲ್ಮೆಟ್ಟು ಕಾನೂನಿನ ಕಡ್ಡಾಯವಲ್ಲ ಎಂಬ ವಾದವನ್ನು ನಾನೂ ಕೇಳಿದ್ದೇನೆ, ಆದರೆ ನಂದಿ ಬೆಟ್ಟದಿಂದ ಇಳಿಯುವಾಗ ವೇಗ ಗಂಟೆಗೆ 50 ಕಿ.ಮೀ. ದಾಟುವುದು ಕಷ್ಟವೇನಲ್ಲ, ಅಲ್ಲಿ ತಿರುವಿನಲ್ಲಿ ಮರಳು ಬಿದ್ದಿರುವುದೂ ಹೊಸದಲ್ಲ. ಹೆಲ್ಮೆಟ್ಟು ಮತ್ತು ಕತ್ತಲಲ್ಲಿ ಹಿಂದಿನ ದೀಪ, ಈ ಎರಡಕ್ಕೆ ಹತ್ತು ಕಿಲೋಮೀಟರ್ ಬಂದಿದ್ದರೂ ವಾಪಸ್ಸು ಹೋಗುವುದು ಅಥವಾ ಅಂದಿನ ಸವಾರಿಯನ್ನು ಕೈಬಿಡುವುದು ಸರಿ. ಕೈಗವಸು, ಕನ್ನಡಕ, ಸ್ಪೀಡೋಮೀಟರು ಇಂಥವಕ್ಕೆ ಹಿಂದಿರುಗಬೇಡಿ. ಟ್ಯೂಬು, ಪಂಪುಗಳದ್ದು ನಡುವಿನ ವಿಷಯ: ಜೊತೆಗಾರರು ಇದ್ದರೆ ಮುಂದುವರಿಯಬಹುದು, ಒಬ್ಬರೇ ಹೊರಟಿದ್ದರೆ ಹಿಂದಿರುಗುವುದು ಲೇಸು.

ಹೊರಟ ಮೇಲೆ ಹಿಂದಿರುಗುವುದು ಅಪಶಕುನವೆಂದು ಕೆಲವರ ಮನೆಯಲ್ಲಿ ಹಿರಿಯರು ಹೇಳುತ್ತಾರೆ, ಹಿಂದಿರುಗಿದರೆ ಒಂದು ಗಳಿಗೆ ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕೆಂಬ ಪರಿಹಾರವನ್ನೂ ಅವರೇ ಹೇಳಿಕೊಟ್ಟಿದ್ದಾರೆ. ಶಕುನ ನಂಬದವರೂ ಈ ಪರಿಹಾರವನ್ನು ಪಾಲಿಸಬಹುದು. ಮರೆತದ್ದನ್ನು ತರಲು ಧಾವಿಸಿ ಬಂದು, ಅದೇ ಧಾವಂತದಲ್ಲಿ ಕೈಲಿದ್ದ ಮೊಬೈಲನ್ನು ಮೇಜಿನ ಮೇಲೆ ಇಟ್ಟು ಓಡಿದವರನ್ನು ನಾನು ಬಲ್ಲೆ.

ದೀಪ ಇದೆ, ಚಾರ್ಜಿಲ್ಲ. ಬೆಳಕು ಹರಿಯುವುದು ಎಷ್ಟು ಹೊತ್ತಿಗೆ?

ಬೆಂಗಳೂರಿನಲ್ಲಿ ಜೂನ್ ಹೊತ್ತಿಗೆ ಸೂರ್ಯೋದಯ ಆರಕ್ಕೂ ಕೊಂಚ ಮುಂಚೆ ಆದರೆ, ಜನವರಿಯಲ್ಲಿ ಸುಮಾರು 6:45ಕ್ಕೆ ಆಗುತ್ತದೆ. ಬೇಸಿಗೆಯಲ್ಲಿ ಐದಕ್ಕೆ ಹೊರಟು ಅರ್ಧ ತಾಸು ದೀಪ ಬಳಸಿ ಅಭ್ಯಾಸವಾದವರು ಚಳಿಗಾಲದಲ್ಲೂ ಅದೇ ಲೆಕ್ಕದಲ್ಲಿ ಹೊರಟರೆ, ದೇವನಹಳ್ಳಿ ದಾಟುವಷ್ಟರಲ್ಲಿ ದೀಪ ಕಣ್ಣು ಮುಚ್ಚುತ್ತದೆ, ಮಂಜು ಬೇರೆ. ಚಾರ್ಜಿಗೆ ಹಾಕಿ ಗೋಡೆಯ ಸ್ವಿಚ್ಚು ಒತ್ತಲು ಮರೆಯುವುದು ಎಲ್ಲರ ಮನೆಯಲ್ಲೂ ನಡೆಯುವ ಕಥೆ. ಚಾರ್ಜರನ್ನು ಶೂ ಇಡುವ ಜಾಗದ ಪಕ್ಕದ ಸಾಕೆಟ್ಟಿಗೆ ಸ್ಥಳಾಂತರಿಸಿದ ಮೇಲೆ ನನ್ನ ದೀಪ ಮನೆಯಲ್ಲಿ ಉಳಿದಿಲ್ಲ. ಬಟನ್ ಸೆಲ್ಲಿನ ಒಂದು ಪುಟ್ಟ ಕೆಂಪು ದೀಪವನ್ನು ಹೆಲ್ಮೆಟ್ಟಿನ ಹಿಂಬದಿಗೆ ಶಾಶ್ವತವಾಗಿ ಕಟ್ಟಿಟ್ಟರೆ ಆಪತ್ತಿಗೆ ಆದೀತು. ಅದು ದೊಡ್ಡ ದೀಪಕ್ಕೆ ಬದಲಿಯಲ್ಲ.

ಸೈಕಲ್ಲನ್ನು ಕಾರಿನಲ್ಲಿ ಸಾಗಿಸುವಾಗ ಮುಖ್ಯವಾಗಿ ಏನು ಮರೆಯುತ್ತಾರೆ?

ಮುಂದಿನ ಚಕ್ರ. ಕೇಳಿದವರು ನಗುತ್ತಾರೆ, ನಾನೂ ನಗುತ್ತಿದ್ದೆ. ಸಕಲೇಶಪುರದ ಕಡೆಗೆ ಹೋಗಲೆಂದು ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಕಾಂಪೌಂಡಿನ ಗೋಡೆಗೆ ಒರಗಿಸಿ, ಸೀಟು ಮಡಚಿ, ಹಳೆಯ ಬೆಡ್‌ಶೀಟು ಹಾಸಿ, ಫ್ರೇಮನ್ನು ಗೀರು ಬೀಳದಂತೆ ಮಲಗಿಸಿ, ಡಿಕ್ಕಿ ಮುಚ್ಚಿದೆ. ಹಾಸನದಾಚೆ ಕಾಫಿಗೆ ನಿಲ್ಲಿಸಿದಾಗ ಮನೆಯಿಂದ ಫೋನು ಬಂತು. ಗೇಟಿನ ಹತ್ತಿರ ನಿಮ್ಮ ಚಕ್ರವೊಂದು ಇದೆ, ಬೇಕೇ ಎಂದು ಕೇಳಿದರು. ಆ ದಿನ ನಾನು ಜೊತೆಗಾರರ ಸಾಮಾನು ಹೊತ್ತ ಕಾರನ್ನು ಓಡಿಸುತ್ತ ಮಲೆನಾಡು ನೋಡಿದೆ.

ಬಿಚ್ಚಿದ ಚಕ್ರವನ್ನು ಮೊದಲು ಕಾರಿಗೆ ಹಾಕಿ, ಫ್ರೇಮನ್ನು ಅನಂತರ ಹಾಕುವುದು ಇದಕ್ಕೆ ಪರಿಹಾರ. ಫ್ರೇಮು ದೊಡ್ಡದು, ಅದು ಮರೆಯುವ ವಸ್ತುವಲ್ಲ. ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿ, ಅದನ್ನು ಹಿಡಿದಿಡುವ ಕವಲಿಗೆ ಅಂದರೆ ಫೋರ್ಕಿಗೆ ಬಿಗಿಯುವ ಕಡ್ಡಿ) ಇರುವ ಸೈಕಲ್ಲಾದರೆ ಆ ಕಡ್ಡಿಯನ್ನು ಕೂಡಲೇ ಫೋರ್ಕಿಗೋ ಚಕ್ರಕ್ಕೋ ವಾಪಸ್ಸು ತೂರಿಸಿಬಿಡಿ. ಕಾರಿನ ಮೇಲೆ ಇಟ್ಟ ಕಡ್ಡಿ ರಸ್ತೆಯಲ್ಲಿ ಎಲ್ಲೋ ಬಿದ್ದರೆ, ಅದರ ಉದ್ದ ಮತ್ತು ತಿರುಪಿನ ಎಳೆಯ ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ಸಣ್ಣ ಊರುಗಳಲ್ಲಿ ಸಿಗುವ ಸಂಭವ ಕಡಿಮೆ.

ಕ್ಲೀಟ್ ಶೂ (ಪೆಡಲಿಗೆ ಸಿಕ್ಕಿಕೊಳ್ಳುವ ಶೂ) ಮರೆತು ಚಪ್ಪಲಿಯಲ್ಲಿ ಬಂದಿದ್ದೇನೆ. ತುಳಿಯಬಹುದೇ?

ಕಾರಿನಲ್ಲಿ ಬಂದವರಿಗೆ ಮಾತ್ರ ಆಗುವ ಅವಾಂತರ ಇದು. ಸಮತಟ್ಟಿನಲ್ಲಿ ಹತ್ತು ಕಿಲೋಮೀಟರ್ ತುಳಿಯಬಹುದು. ಏರಿನಲ್ಲಿ ಎದ್ದು ನಿಂತರೆ ಕಾಲು ಜಾರಿ ಮೊಣಕಾಲಿನ ಕೆಳಗೆ ಪೆಟ್ಟಾಗುತ್ತದೆ. ಹತ್ತಿರದ ಸೈಕಲ್ ಅಂಗಡಿಯಲ್ಲಿ ಸಾಧಾರಣ ಪೆಡಲ್ ಜೋಡಿ ಹಾಕಿಸಿಕೊಳ್ಳುವುದೇ ದಾರಿ. ಎಡಗಡೆಯ ಪೆಡಲಿನ ತಿರುಪಿನ ಎಳೆ ಉಲ್ಟಾ ಇರುತ್ತದೆ ಎಂಬುದನ್ನು ಬಿಚ್ಚುವವರಿಗೆ ನೆನಪಿಸಿ.

ನೀರಿನ ಬಾಟಲಿ ಬಿಟ್ಟು ಬಂದರೆ?

ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿ ಸೈಕಲ್ಲಿನ ಹೋಲ್ಡರಿಗೆ ಸರಿಯಾಗಿ ಕೂರುವುದಿಲ್ಲ. ಅರ್ಧ ಲೀಟರಿನದು ಸಡಿಲವಾಗಿ ಗುಂಡಿಯೊಂದಕ್ಕೆ ಹಾರಿ ಹಿಂದೆ ಬರುವವರ ಚಕ್ರದಡಿಗೆ ಬೀಳುತ್ತದೆ. ಕರವಸ್ತ್ರ ಸುತ್ತಿ ಬಿಗಿಯಾಗಿ ಕೂರಿಸಿ. ನಮ್ಮ ಬೇಸಿಗೆಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ, ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಮರೆತಿದ್ದರೆ ಔಷಧ ಅಂಗಡಿಯಲ್ಲಿ ಸಿಗುತ್ತದೆ, ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಅರ್ಧ ಬಾಟಲಿಗೆ ಸುರಿದರೆ ವಿಪರೀತ ಗಟ್ಟಿಯಾಗಿ ಹೊಟ್ಟೆ ಕೆಡುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮೇಲೆ ಒಂದು ನಿಂಬೆಹಣ್ಣು. ಎಳನೀರು ಸಿಕ್ಕರೆ ಬಿಡಬೇಡಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಜೊತೆಗೆ ಉಪ್ಪು ಹಚ್ಚಿದ ಸೌತೆಕಾಯಿಯೋ ಚುರುಮುರಿಯೋ ಇರಲಿ.

ಮೊಬೈಲಿನಲ್ಲೇ ಹಣ ಇರುವಾಗ ನೋಟು ಏಕೆ ಬೇಕು?

ಮೊಬೈಲು ಬೀಳುತ್ತದೆ, ನೆನೆಯುತ್ತದೆ, ಚಾರ್ಜು ಮುಗಿಯುತ್ತದೆ, ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ದಾರಿ ತೋರಿಸುವುದು, ಹಣ ಕೊಡುವುದು, ಮನೆಗೆ ಫೋನು ಮಾಡುವುದು ಮೂರನ್ನೂ ಒಂದೇ ಯಂತ್ರಕ್ಕೆ ಒಪ್ಪಿಸಿದ ಮೇಲೆ ಅದೊಂದನ್ನು ಮರೆತರೆ ಮೂರನ್ನೂ ಮರೆತಂತೆ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ಎರಡು ದೂರವಾಣಿ ಸಂಖ್ಯೆ ಬರೆದು ಪ್ಲಾಸ್ಟಿಕ್ ಹಾಕಿಸಿ ಸೀಟಿನ ಚೀಲದಲ್ಲಿಡಿ. ಲಾಕ್ ಆಗಿರುವ ಮೊಬೈಲಿಗಿಂತ ಅದು ದಾರಿಹೋಕರಿಗೆ ಬೇಗ ಉಪಯೋಗಕ್ಕೆ ಬರುತ್ತದೆ. ತುರ್ತಿಗೆ 112, ಆಂಬುಲೆನ್ಸಿಗೆ 108. ಆಸ್ತಮಾ ಇರುವವರು ಇನ್‌ಹೇಲರನ್ನು ಹೆಲ್ಮೆಟ್ಟಿನ ಸಾಲಿಗೇ ಸೇರಿಸಬೇಕು: ಮರೆತರೆ ವಾಪಸ್ಸು.

ಗುಂಪಿನಲ್ಲಿ ಹೋಗುವಾಗ ಬೇರೆಯವರ ಸಾಮಾನನ್ನು ನಂಬಬಹುದೇ?

ಹತ್ತು ಜನರಿಗೆ ಹತ್ತು ಪಂಪು ಬೇಕಿಲ್ಲ. ಟ್ಯೂಬು ಮಾತ್ರ ಅವರವರದ್ದೇ ಇರಬೇಕು, ಏಕೆಂದರೆ ಅಳತೆ ಹೊಂದುವುದು ಅದೃಷ್ಟದ ಮಾತು. ರೋಡ್ ಸೈಕಲ್ಲಿನ 700 ಅಳತೆಯೂ ಎಂಟಿಬಿಯ, ಅಂದರೆ ಮೌಂಟನ್ ಬೈಕಿನ, 29 ಇಂಚಿನ ಅಳತೆಯೂ ಹೆಸರಿನಲ್ಲಿ ಬೇರೆಯಾದರೂ ರಿಮ್ಮಿನ ವ್ಯಾಸ ಒಂದೇ, 622 ಮಿ.ಮೀ. ಹಾಗಾಗಿ ತೆಳ್ಳನೆಯ 700 ಟ್ಯೂಬನ್ನು 29 ಇಂಚಿನ ಟೈರಿಗೆ ಆಪತ್ಕಾಲದಲ್ಲಿ ಹಾಕಬಹುದು. 27.5 ಇಂಚಿನದು 584 ಮಿ.ಮೀ., 26 ಇಂಚಿನ ಎಂಟಿಬಿಯದು 559 ಮಿ.ಮೀ.; ಇವಕ್ಕೆ 700ರ ಟ್ಯೂಬನ್ನು ತುರುಕಿದರೆ ಮಡಿಕೆ ಬಿದ್ದು ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಕ್ವಿಕ್ ಲಿಂಕೂ ಅಷ್ಟೇ, 11 ಸ್ಪೀಡಿನದು (ಹಿಂದೆ 11 ಗೇರಿರುವ ಸೈಕಲ್ಲಿನದು) 9 ಸ್ಪೀಡಿನ ಚೈನಿಗೆ ಆಗುವುದಿಲ್ಲ.

ಎಲ್ಲರೂ ಬೇರೆಯವರ ಬಳಿ ಇರುತ್ತದೆ ಎಂದುಕೊಂಡು ಯಾರೂ ತಾರದೆ ಬರುವ ದಿನವೂ ಉಂಟು. ಹಿಂದಿನ ರಾತ್ರಿ, ಪಂಪು ಯಾರದು, ಚೈನ್ ಟೂಲು ಯಾರದು ಎಂದು ಹೆಸರು ಹಿಡಿದು ಗೊತ್ತುಮಾಡಿಕೊಂಡರೆ ಆ ದಿನ ಬರುವುದಿಲ್ಲ.

ಪ್ರದೇಶಕ್ಕೆ ತಕ್ಕಂತೆ ಸಾಮಾನು ಬದಲಾಗಬೇಕೇ?

ಖಂಡಿತ. ಚಿತ್ರದುರ್ಗ, ಬಳ್ಳಾರಿ, ರಾಯಚೂರಿನ ಕಡೆ ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ ಪೊದೆಗಳು ಧಾರಾಳ. ಟೀ ಕುಡಿಯಲು ಮಣ್ಣಿಗೆ ಸೈಕಲ್ ಇಳಿಸಿದರೆ ಎರಡೂ ಚಕ್ರಕ್ಕೆ ಒಟ್ಟಿಗೇ ಮುಳ್ಳು ನೆಟ್ಟಿರುತ್ತದೆ. ಅಲ್ಲಿಗೆ ಎರಡು ಟ್ಯೂಬು, ಜೊತೆಗೆ ಪ್ಯಾಚು. ಹೆದ್ದಾರಿಗಳಲ್ಲಿ ಶತ್ರು ಬೇರೆ: ಸಿಡಿದ ಲಾರಿ ಟೈರಿನಿಂದ ಉದುರಿದ, ಕೂದಲಿಗಿಂತ ಸ್ವಲ್ಪವೇ ದಪ್ಪದ ಉಕ್ಕಿನ ತಂತಿ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ; ಟೈರಿನ ಒಳಗೆ ಒಂದು ಚೂರು ಹತ್ತಿಯನ್ನು ಉಜ್ಜುತ್ತ ಹೋದರೆ ಎಳೆ ಸಿಕ್ಕಿಕೊಂಡು ಜಾಗ ತೋರಿಸುತ್ತದೆ, ಕೀಳಲು ಹುಬ್ಬಿನ ಚಿಮಟ ಬೇಕು. ಚಿಮಟ ಇಲ್ಲದೆ ಟ್ಯೂಬು ಬದಲಿಸಿದರೆ ಹೊಸ ಟ್ಯೂಬೂ ಹೋಯಿತೆಂದೇ ತಿಳಿಯಿರಿ.

ಮಳೆಗಾಲದ ಮಲೆನಾಡಿಗೆ ಹೊರಟವರು ರೇನ್‌ಕೋಟನ್ನು ಮರೆಯುವುದಿಲ್ಲ, ಚೈನಿನ ಎಣ್ಣೆಯನ್ನು ಮರೆಯುತ್ತಾರೆ. ಆಗುಂಬೆಯ ಮಳೆಯಲ್ಲಿ ಒಂದು ದಿನ ತುಳಿದರೆ ಚೈನಿನ ಎಣ್ಣೆ ತೊಳೆದುಹೋಗಿ, ಮರುದಿನ ಬೆಳಿಗ್ಗೆ ಕಿರುಗುಟ್ಟುತ್ತ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಹೋಟೆಲಿನವರ ಬಳಿ ಎರಡು ಚಮಚ ಅಡುಗೆ ಎಣ್ಣೆ ಕೇಳಿ ಹಾಕಿಕೊಂಡರೆ ಅಂದಿನ ದಿನ ದೂಡಬಹುದು. ಧೂಳು ಹಿಡಿಯುವುದರಿಂದ ಮನೆಗೆ ಬಂದು ಪೂರ್ತಿ ತೊಳೆಯಲೇಬೇಕು. ಆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವ ಮೊದಲು ಬ್ರೇಕ್ ಪ್ಯಾಡು ಎಷ್ಟು ಉಳಿದಿದೆಯೆಂದು ನೋಡಿಕೊಳ್ಳಿ.

ಬ್ರೆವೆಗಳಲ್ಲಿ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ) ಮರೆತ ಸಾಮಾನಿಗೆ ರಿಯಾಯಿತಿ ಇದೆಯೇ?

ಇಲ್ಲ. 200 ಕಿ.ಮೀ. ಬ್ರೆವೆಗೆ 13 ತಾಸು 30 ನಿಮಿಷ, 300ಕ್ಕೆ 20 ತಾಸು, 400ಕ್ಕೆ 27, 600ಕ್ಕೆ 40 ತಾಸು ಎಂದು ಸಮಯದ ಮಿತಿ ಇದೆ. ಮರೆತದ್ದನ್ನು ಹುಡುಕುತ್ತ ಕಳೆದ ಹೊತ್ತೂ ಅದರಲ್ಲೇ ಸೇರುತ್ತದೆ. ರಾತ್ರಿ ತುಳಿಯುವಾಗ ಸೈಕಲ್ಲಿಗೆ ಬಿಗಿದ ಮುಂದಿನ ಮತ್ತು ಹಿಂದಿನ ದೀಪ, ಮೈಮೇಲೆ ಬೆಳಕು ಪ್ರತಿಫಲಿಸುವ ವೆಸ್ಟು ಕಡ್ಡಾಯ. ಕಂಟ್ರೋಲು ಎನ್ನುವ ನಿಗದಿತ ತಪಾಸಣಾ ತಾಣಗಳಲ್ಲಿ ಹೊರತು ಹಿಂಬಾಲಿಸುವ ವಾಹನದಿಂದ ನೆರವು ಪಡೆಯುವಂತಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ 1200 ಕಿ.ಮೀ. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಗೆ ಸಿದ್ಧರಾಗುವವರು ಇದೇ ಶಿಸ್ತಿನಲ್ಲಿ ಪಳಗಬೇಕಾಗುತ್ತದೆ.

ಹಳೆಯ ಕಾಲದ ರೇಸುಗಳಲ್ಲಿ ಈ ನಿಯಮ ಇನ್ನೂ ಕಠೋರವಾಗಿತ್ತು. 1913ರ ಟೂರ್ ದ ಫ್ರಾನ್ಸಿನಲ್ಲಿ ಟೂರ್ಮಲೇ ಘಟ್ಟ ಇಳಿಯುವಾಗ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಸೈಕಲ್ಲಿನ ಫೋರ್ಕು ಮುರಿಯಿತು. ಆತ ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಕಣಿವೆಯ ಹಳ್ಳಿಯೊಂದರ ಕಮ್ಮಾರಸಾಲೆಯಲ್ಲಿ ತನ್ನ ಕೈಯಾರೆ ಬೆಸೆದುಕೊಂಡ. ತಿದಿ ಒತ್ತಲು ಹುಡುಗನೊಬ್ಬನ ನೆರವು ಪಡೆದ ತಪ್ಪಿಗೆ ಮೇಲ್ವಿಚಾರಕರು ದಂಡ ವಿಧಿಸಿದರು. ನಮ್ಮ ಬ್ರೆವೆಗಳಲ್ಲಿ ದಾರಿಯ ಅಂಗಡಿಯವರಿಂದ ಪಂಕ್ಚರ್ ಹಾಕಿಸಿಕೊಂಡರೆ ಯಾರೂ ದಂಡ ಹಾಕುವುದಿಲ್ಲ.

ರೈಲು ಅಥವಾ ವಿಮಾನದಲ್ಲಿ ಸೈಕಲ್ ಒಯ್ಯುವಾಗ ಯಾವುದನ್ನು ಗಮನಿಸಬೇಕು?

ಬೆಲೆಯನ್ನು ನೋಡಬೇಡಿ, ಹೋದ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನು ನೋಡಿ. ಹೆಲ್ಮೆಟ್ಟು, ಟ್ಯೂಬು, ಬಾಟಲಿಗಳನ್ನು ಸಾಧಾರಣ ಪಟ್ಟಣದಲ್ಲೂ ಕೊಳ್ಳಬಹುದು. ಗೇರು ಬದಲಿಸುವ ಹಿಂದಿನ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಪುಟ್ಟ ಅಲ್ಯೂಮಿನಿಯಂ ತುಂಡು ಮಾತ್ರ ಪ್ರತಿ ಮಾದರಿಗೂ ಬೇರೆ. ಸಾಗಾಟದಲ್ಲಿ ಸೈಕಲ್ಲು ಬಲಮಗ್ಗುಲಿಗೆ ಬಿದ್ದರೆ ಮೊದಲು ಬಾಗುವುದೂ ಅದೇ. ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಪೆಟ್ಟಿಗೆಗೆ ಹಾಕಲು ಬಿಚ್ಚಿದ ಪೆಡಲು, ಬೋಲ್ಟು, ಆಕ್ಸಲ್ಲುಗಳನ್ನು ಒಂದು ಚೀಲಕ್ಕೆ ತುಂಬಿ ಆ ಚೀಲವನ್ನು ಫ್ರೇಮಿಗೇ ಟೇಪಿನಿಂದ ಸುತ್ತಿಬಿಡಿ, ಮತ್ತು ಪೆಡಲಿಗೆ ಬೇಕಾದ 15 ಮಿ.ಮೀ. ಸ್ಪ್ಯಾನರು ಮಡಚುವ ಟೂಲಿನಲ್ಲಿ ಇರುವುದಿಲ್ಲವೆಂಬುದನ್ನು ನೆನಪಿಡಿ. ವಿಮಾನದಲ್ಲಿ ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು, ಟೂಲುಗಳು ಚೆಕ್-ಇನ್ ಸಾಮಾನಿನಲ್ಲಿ.

ಮನೆಯಿಂದ ಎಲ್ಲವನ್ನೂ ಒಯ್ಯುತ್ತೇನೆ, ಆದರೆ ತಿಂಡಿ ತಿಂದ ಹೋಟೆಲಿನಲ್ಲಿ ಬಿಟ್ಟು ಬರುತ್ತೇನೆ. ಇದಕ್ಕೇನು ಉಪಾಯ?

ಕೈ ತೊಳೆಯಲು ಕೈಗವಸು ಬಿಚ್ಚುತ್ತೀರಿ, ಆವಿ ಕಟ್ಟಿತೆಂದು ಕನ್ನಡಕ ತೆಗೆಯುತ್ತೀರಿ, ಇಡ್ಲಿ ವಡೆ ಬಂದ ಮೇಲೆ ತಟ್ಟೆಗೆ ಜಾಗವಾಗಲೆಂದು ಎರಡನ್ನೂ ಪಕ್ಕದ ಕುರ್ಚಿಗೆ ಸರಿಸುತ್ತೀರಿ. ಮೇಜಿನಡಿ ಸರಿದ ಕುರ್ಚಿಯ ಮೇಲಿನ ಸಾಮಾನು ಎದ್ದು ನಿಂತವರಿಗೆ ಕಾಣುವುದಿಲ್ಲ. ಬಿಚ್ಚಿದ್ದನ್ನೆಲ್ಲ ಹೆಲ್ಮೆಟ್ಟಿನೊಳಗೆ ಹಾಕಿ, ಹೆಲ್ಮೆಟ್ಟಿನ ಪಟ್ಟಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡೇ ಕುಳಿತುಕೊಳ್ಳಿ. ನಿಂತು ತಿನ್ನುವ ದರ್ಶಿನಿಯಲ್ಲೂ ಇದು ನಡೆಯುತ್ತದೆ. ಬಾಟಲಿಗೆ ನೀರು ತುಂಬಿಸಲು ಕೊಟ್ಟಿದ್ದರೆ ಬಿಲ್ಲು ಕೊಡುವ ಮೊದಲೇ ಅದನ್ನು ಇಸಿದುಕೊಳ್ಳಿ. ಬಿಟ್ಟು ಬಂದದ್ದು ಅರಿವಾದರೆ ಬೇಗ ವಿಚಾರಿಸಿ: ನಾವು ಆಗಾಗ ತಿಂಡಿಗೆ ನಿಲ್ಲುವ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಮೊಳೆಗೆ ಈಗಲೂ ಮೂರು ಒಂಟಿ ಕೈಗವಸುಗಳು ನೇತಾಡುತ್ತಿವೆ, ಅವುಗಳಲ್ಲಿ ಎಡಗೈಯದ್ದೊಂದು ನನ್ನದು, ಅದರ ಬಲಗೈ ಜೋಡಿಯನ್ನು ನಾನು ಬೇರೆ ಎಲ್ಲೋ ಕಳೆದುಕೊಂಡಿದ್ದೇನೆ.